ಕಣ್ಣಿಗೆ ಕನ್ನಡ, ಕಿವಿಗೆ ಬಡಬಡಿಕೆ!

ಕನ್ನಡದ ಯುವಮಿತ್ರರೇ,

ಇಂಗ್ಲಿಷ್ ಬೋರ್ಡು ಕಂಡರೆ ನಿಮ್ಮ ರಕ್ತ ಕುದಿಯುತ್ತದೆ. ಕುದಿಯಲಿ! ಆದರೆ ಹೊರಗೆ ಕನ್ನಡ, ಒಳಗೆ ಇಂಗ್ಲಿಷ್ ಇರುವ ಪುಸ್ತಕ ನಿಮ್ಮ ಕೈಯಲ್ಲೇ ಇರಬಹುದು, ಗೊತ್ತೇ? ಬಂಗಾರಪೇಟೆಯಲ್ಲಿ ಪ್ರೆಸ್ ನಡೆಸುವ ನನಗೆ ಗೊತ್ತು.

ಕಾಲೇಜಿನ ನೋಟ್ಸು, ಪಠ್ಯಪುಸ್ತಕಗಳು ಇವತ್ತಿಗೂ ಎಷ್ಟೋ ಕಡೆ 'ನುಡಿ'ಯ ಹಳೇ ಫಾಂಟಿನಲ್ಲೇ ಕಂಪೋಸ್ ಆಗುತ್ತವೆ. ಪೇಜ್‌ಮೇಕರ್ ಕಾಲದ ರೂಢಿ ಅದು. ಈ ಫಾಂಟಿನಲ್ಲಿ 'ಕ' ಹೊಡೆದರೆ ಕಂಪ್ಯೂಟರ್ ಒಳಗೆ ಬರೆದುಕೊಳ್ಳುವುದು ಇಂಗ್ಲಿಷಿನ 'ಪಿ', ಅದರ ಪಕ್ಕ ತಲೆಯ ಮೇಲೆ ಗೀಟಿರುವ 'ಎ'. 'ನ' ಹೊಡೆದರೆ ಬ್ರಿಟಿಷರ ಪೌಂಡ್ ಗುರುತು! (ಕೆಜಿಎಫ್ ಚಿನ್ನ ಪೌಂಡ್ ಆಗಿದ್ದು ಸಾಲದೆಂದು ಅಕ್ಷರವೂ ಆಯಿತು.) ಕಣ್ಣಿದ್ದವರಿಗೆ ಚಂದದ ಕನ್ನಡವೇ ಕಾಣುತ್ತದೆ. ಅಂಧ ವಿದ್ಯಾರ್ಥಿ ಅದೇ ಫೈಲನ್ನು ಕಂಪ್ಯೂಟರಿನಿಂದ ಓದಿಸಿಕೊಂಡರೆ? ಪಿ, ಎ, ಪೌಂಡು ಎಂಬ ಬಡಬಡಿಕೆ!

ಯಂತ್ರಕ್ಕೆ ಕನ್ನಡ ಬರುವುದಿಲ್ಲ ಎನ್ನಬೇಡಿ. ಎನ್‌ವಿಡಿಎ ಎಂಬ ತಂತ್ರಾಂಶ ಪುಕ್ಕಟೆ ಸಿಗುತ್ತದೆ. ಯುನಿಕೋಡ್ ಕನ್ನಡವಾದರೆ ಓದಿ ಹೇಳುತ್ತದೆ. ಮೊಬೈಲಿನಲ್ಲೂ ಕನ್ನಡದ ದನಿಯಿದೆ. ನುಡಿಯ ಹೊಸ ಆವೃತ್ತಿಯಲ್ಲೂ ಯುನಿಕೋಡ್ ಇದೆ. ಇಲ್ಲದಿರುವುದು ಮನಸ್ಸು.

ಸರ್ಕಾರಿ ಮತ್ತು ಅನುದಾನಿತ ಕಾಲೇಜುಗಳಲ್ಲಿ ಅಂಗವಿಕಲರಿಗೆ ಕನಿಷ್ಠ ಶೇ. 5 ಸೀಟು ಮೀಸಲಿಡಬೇಕೆಂದು 2016ರ ಕಾಯ್ದೆ ಹೇಳಿದೆ. ಸೀಟೇನೋ ಸಿಕ್ಕಿತು, ಪುಸ್ತಕ? ಪಿಯುಸಿವರೆಗೆ ಕನ್ನಡದಲ್ಲೇ ಓದಿದ ಅಂಧ ಹುಡುಗಿ ಬಿ.ಎ.ಗೆ ಬಂದು ಇತಿಹಾಸ ಓದಬೇಕು. ಇಂಗ್ಲಿಷ್ ಫೈಲನ್ನು ಯಂತ್ರ ಸಲೀಸಾಗಿ ಓದುತ್ತದೆ. ಕನ್ನಡದ್ದಕ್ಕೆ ಗೆಳತಿಯ ಬಿಡುವು ಕಾಯಬೇಕು. ಪರೀಕ್ಷೆ ಹತ್ತಿರ ಬಂದರೆ ಗೆಳತಿಗೂ ಬಿಡುವಿಲ್ಲ. ಕೊನೆಗೆ ಅವಳು ಇಂಗ್ಲಿಷಿಗೆ ಹೊರಳುತ್ತಾಳೆ, ಇಲ್ಲವೇ ಕಾಲೇಜನ್ನೇ ಬಿಡುತ್ತಾಳೆ. ಕನ್ನಡ ಬಿಟ್ಟವಳು ಅವಳೋ, ಅವಳ ಕೈಬಿಟ್ಟವರು ಕನ್ನಡಿಗರೋ?

ಕಾಪಿರೈಟ್ ನೆಪವೂ ನಡೆಯದು. ಅಂಗವಿಕಲರಿಗೆ ಓದಲು ಒದಗುವ ರೂಪಕ್ಕೆ ಪುಸ್ತಕವನ್ನು ಲಾಭವಿಲ್ಲದೆ ಬದಲಿಸಿಕೊಡಲು 2012ರ ತಿದ್ದುಪಡಿಯೇ ದಾರಿ ಬಿಟ್ಟಿದೆ.

ಹಳೇ ಫೈಲನ್ನು ಯುನಿಕೋಡಿಗೆ ತಿರುಗಿಸುವುದು ನಿಮಿಷಗಳ ಕೆಲಸ. ಆದರೆ ಅರ್ಕಾವತ್ತು, ಒತ್ತಕ್ಷರ ಅಲ್ಲಲ್ಲಿ ಕೆಡುತ್ತವೆ, ಪ್ರೂಫ್ ನೋಡಲೇಬೇಕು. ಅದಕ್ಕೇ ನೀವು ಬೇಕು! ರಾಜ್ಯೋತ್ಸವದ ಬ್ಯಾನರ್ ಕಟ್ಟುವ ಹುಡುಗರು ವಾರಕ್ಕೊಂದು ಅಧ್ಯಾಯ ತಿದ್ದಲಾರಿರಾ? ಪ್ರಿನ್ಸಿಪಾಲರನ್ನು ಕಂಡು ಕೇಳಿ: ನೋಟ್ಸು, ಪ್ರಶ್ನೆಪತ್ರಿಕೆ ಅಚ್ಚಿಗೆ ಕೊಡುವಾಗ ಯುನಿಕೋಡ್ ಫೈಲೂ ಬರಬೇಕು. ನಮ್ಮ ಬೆಂಗಳೂರು ಉತ್ತರ ವಿಶ್ವವಿದ್ಯಾಲಯ ಕೋಲಾರದಲ್ಲೇ ಇದೆ. ಅಲ್ಲಿಗೂ ಮನವಿ ಕೊಡಿ. ಯಾವುದಾದರೂ ಪ್ರೆಸ್ಸಿನವರು "ಆಗಲ್ಲ" ಅಂದರೆ ಅವರನ್ನು ಬಂಗಾರಪೇಟೆಗೆ ಕರೆತನ್ನಿ. ಟೀ ಕುಡಿಸಿ, ಹೇಗೆಂದು ತೋರಿಸಿ ಕಳಿಸುತ್ತೇನೆ.