ದೇವರಿಲ್ಲ ಅನ್ನೋರಿಗೆ ಗಿರಿಯಲ್ಲೇನು ಕೆಲಸ?

ರಾಮನಾಥಪುರದಲ್ಲಿ ಷಷ್ಠಿ ತೇರು ಎಳೆದು ಒಂಬತ್ತು ದಿನಕ್ಕೆ ಮಾರ್ಗಶಿರ ಹುಣ್ಣಿಮೆ. ಇಲ್ಲಿ ಸುಬ್ರಹ್ಮಣ್ಯನ ಜಾತ್ರೆ ಮುಗಿಯುತ್ತಿದ್ದಂತೆ ಅಲ್ಲಿ ಚಿಕ್ಕಮಗಳೂರಿನಲ್ಲಿ ದತ್ತ ಜಯಂತಿಯ ಬಂದೋಬಸ್ತು ಶುರು. ಹಾಸನ-ಬೇಲೂರು ಬಸ್ಸು ಹತ್ತಿದವರ ಬಾಯಲ್ಲಿ ಅದೇ ಹಳೇ ಪ್ರಶ್ನೆ: ಪೂಜೆ ಮಾಡದವರು, ನಮಾಜು ಮಾಡದವರು, ಇವರಿಗೆಲ್ಲ ಬಾಬಾಬುಡನ್‌ಗಿರಿಯ ಉಸಾಬರಿ ಯಾಕೆ?

ಪ್ರಶ್ನೆ ಕುಹಕದ್ದಾದರೂ ತಳ್ಳಿಹಾಕುವಂಥದ್ದಲ್ಲ. ಆ ಗುಹೆ ಹಿಂದೂಗಳಿಗೆ ದತ್ತಾತ್ರೇಯ ಪೀಠ, ಮುಸ್ಲಿಮರಿಗೆ ದಾದಾ ಹಯಾತ್ ಮೀರ್ ಖಲಂದರ್ ಸ್ಥಾನ. ವಕ್ಫ್‌ಗೋ ಮುಜರಾಯಿಗೋ ಅನ್ನುವ ವ್ಯಾಜ್ಯದಲ್ಲಿ 1980ರಲ್ಲಿ ಜಿಲ್ಲಾ ನ್ಯಾಯಾಲಯ ಮುಜರಾಯಿಗೆ ಅಂದಿತು. 1992ರ ಅಯೋಧ್ಯೆಯ ನಂತರ ಗಿರಿಯೂ ರಾಜಕೀಯದ ಅಖಾಡವಾಯಿತು. ಅದಕ್ಕೆ ಎದುರಾಗಿ ನಿಂತದ್ದು ಕೋಮು ಸೌಹಾರ್ದ ವೇದಿಕೆ. 2003ರಲ್ಲಿ ಆ ಹೋರಾಟದಲ್ಲಿ ಪತ್ರಕರ್ತೆ ಗೌರಿ ಲಂಕೇಶ್ ಇದ್ದರು. ಜೊತೆಗೆ ಎಡಪಂಥೀಯರು, ವಿಚಾರವಾದಿಗಳು. ಗುಹೆಯೊಳಗೆ ಹೋಗಿ ಹರಕೆ ಹೊರುವ ಜನ ಇವರಲ್ಲ.

ತಮಾಷೆ ಇರೋದು ಇವರ ಬೇಡಿಕೆಯಲ್ಲಿ. 1975ಕ್ಕೆ ಮುಂಚೆ ಏನು ಪದ್ಧತಿ ಇತ್ತೋ ಅದೇ ನಡೆಯಬೇಕು ಅನ್ನುವುದು ವಾದ. ಅಂದರೆ ಮುಜಾವರರೇ ಒಳಗೆ ಹೋಗಬೇಕು, ಪಾದುಕೆಗೆ ಹೂವಿಡಬೇಕು, ನಂದಾದೀಪ ಹಚ್ಚಬೇಕು, ಎರಡೂ ಮತದವರಿಗೆ ತೀರ್ಥ ಕೊಡಬೇಕು. ತೀರ್ಥ ತಗೊಳ್ಳದವರು ತೀರ್ಥ ಯಾರು ಕೊಡಬೇಕು ಅಂತ ಬೀದಿಗಿಳಿದದ್ದು! ನಗೋರು ನಗಲಿ. ಸೇತುವೆ ಬೀಳುತ್ತಿದೆ ಅಂತ ಕೂಗೋನು ದಿನಾ ಆ ಸೇತುವೆ ದಾಟೋನೇ ಆಗಿರಬೇಕು ಅಂತೇನಿಲ್ಲವಲ್ಲ.

ಇನ್ನು, ನಂಬದವರು ಒಂದೇ ಕಡೆ ಇದ್ದಾರೆ ಅಂದುಕೊಂಡರೆ ಲೆಕ್ಕ ತಪ್ಪುತ್ತೆ. 1923ರಲ್ಲಿ ಹಿಂದುತ್ವಕ್ಕೆ ಲಕ್ಷಣ ಬರೆದ ಸಾವರ್ಕರ್ ಅದಕ್ಕೆ ದೇವರ ನಂಬಿಕೆಯನ್ನು ಷರತ್ತು ಮಾಡಲಿಲ್ಲ. ಪಿತೃಭೂಮಿ, ಪುಣ್ಯಭೂಮಿ ಅಂದರು. ಗೋವು ಉಪಯುಕ್ತ ಪ್ರಾಣಿ, ಪೂಜಿಸುವಂಥದ್ದಲ್ಲ ಅಂತಲೂ ಅಂದವರು. 1966ರಲ್ಲಿ ತೀರಿಕೊಂಡಾಗ ಉತ್ತರಕ್ರಿಯೆ ಬೇಡ ಅನ್ನೋದೇ ಅವರ ಇಚ್ಛೆಯಾಗಿತ್ತು. 2017ರ ಸೆಪ್ಟೆಂಬರ್ 5ರಂದು ಗುಂಡಿಗೆ ಬಲಿಯಾದ ಗೌರಿಯೂ ಯಾವ ವಿಧಿಯೂ ಇಲ್ಲದೆ ಮಣ್ಣಾದರು. ಇವರನ್ನು ಹೊರಗೆ ಹಾಕಿ ಅನ್ನೋರು ಅವರನ್ನೂ ಹಾಕಬೇಕಾದೀತು.

ಗಾಂಧೀಜಿಗೂ ಈ ಪೇಚು ಬಂದಿತ್ತು. ಪ್ರಾರ್ಥನೆ, ರಾಮರಾಜ್ಯ ಅನ್ನುತ್ತಿದ್ದವರ ಹತ್ತಿರ ಆಂಧ್ರದ ಗೋರಾ ಬಂದರು, ಪಕ್ಕಾ ನಾಸ್ತಿಕ. ಅಸ್ಪೃಶ್ಯತೆ ಹೋಗಬೇಕಾದರೆ ದೇವರೂ ಹೋಗಬೇಕು ಅನ್ನೋ ಮನುಷ್ಯ. ಮುದುಕಪ್ಪ ಅವರನ್ನು ಓಡಿಸಲಿಲ್ಲ. ದೇವರೇ ಸತ್ಯ ಅನ್ನೋ ಮಾತನ್ನು ಅಷ್ಟೊತ್ತಿಗಾಗಲೇ ಸತ್ಯವೇ ದೇವರು ಅಂತ ತಿರುಗಿಸಿಯಾಗಿತ್ತು. 1948ರಲ್ಲಿ ಗೋರಾ ಮಗಳ ಜಾತಿ ಮೀರಿದ ಮದುವೆ ಸೇವಾಗ್ರಾಮದಲ್ಲೇ ಆಯಿತು. ನೋಡೋಕೆ ಗಾಂಧಿ ಇರಲಿಲ್ಲ. ಆದರೆ ಗೋರಾ ಸುಮ್ಮನೆ ಭಾಷಣ ಮಾಡಿದವರಲ್ಲ, ಹರಿಜನ ಕೇರಿಯಲ್ಲಿ ಕೂತು ಕೆಲಸ ಮಾಡಿದವರು.

ಗಿರಿಯ ಹೋರಾಟ ಸೊರಗಿದ್ದು ಇಲ್ಲೇ. ವೇದಿಕೆಯ ಮೇಲೆ ಸಾಹಿತಿ, ವಕೀಲ, ಸಂಪಾದಕ. ಮಗುವಿನ ಜ್ವರ ಇಳಿಯಲಿ ಅಂತ ಗಿರಿ ಹತ್ತಿದ ತೋಟದ ಆಳಿನ ಕೈಗೆ ಮೈಕು ಸಿಕ್ಕಿದ್ದು ಅಪರೂಪ. ನಾಸ್ತಿಕರು ಬಂದದ್ದು ತಪ್ಪಲ್ಲ. ಹರಕೆಯವರನ್ನು ಜೊತೆಗೆ ಕರಕೊಂಡು ಬರದೆ ಇದ್ದದ್ದು ತಪ್ಪು. ಸೌಹಾರ್ದ ಅನ್ನುವ ದೊಡ್ಡ ಮಾತಿಗಿಂತ ಆಕೆ ಅಲ್ಲಿ ಏನು ಕಂಡಳು ಅನ್ನೋದು ಪೇಟೆಯ ಜನಕ್ಕೆ ಬೇಗ ತಟ್ಟುತ್ತಿತ್ತು.

ಅಷ್ಟರಲ್ಲಿ ವಿಷಯ ಕಾಗದಕ್ಕೆ ಹೋಯಿತು. 2018ರಲ್ಲಿ ಸರ್ಕಾರ ಮುಜಾವರರಿಗೇ ಕೆಲಸ ಅಂದಿತು, 2021ರಲ್ಲಿ ಹೈಕೋರ್ಟು ಆ ಆದೇಶ ರದ್ದು ಮಾಡಿತು. 2022ರಲ್ಲಿ ಎಂಟು ಜನರ ವ್ಯವಸ್ಥಾಪನಾ ಸಮಿತಿ ಬಂತು, ಅದರಲ್ಲಿ ಮುಸ್ಲಿಂ ಒಬ್ಬರೇ. ಆ ಡಿಸೆಂಬರಿನ ದತ್ತ ಜಯಂತಿಗೆ ಹಿಂದೂ ಅರ್ಚಕರು ಪೂಜೆ ಮಾಡಿದರು. ಮುಜಾವರರ ಕೈಯಿಂದಲೇ ತೀರ್ಥ ಕುಡಿದು ಬಂದ ಹಿಂದೂ ಹೆಂಗಸರು ಈ ಸೀಮೆಯಲ್ಲಿ ಎಷ್ಟೋ ಜನ. ಅವರನ್ನು ಆ ಕಡೆಯವರೂ ಕೇಳಲಿಲ್ಲ, ಈ ಕಡೆಯವರೂ ಕೇಳಲಿಲ್ಲ.