ಮಕ್ಕಳ ಜ್ವರವೂ ಮೂತ್ರಪರೀಕ್ಷೆಯೂ

ಮಳೆಗಾಲ ಬಂದಿತೆಂದರೆ ಮುಂಬಯಿಯಲ್ಲಿ ಜ್ವರದ ಕಾಲವೂ ಬಂದಿತೆಂದೇ ಅರ್ಥ. ಮಲೇರಿಯಾ, ಡೆಂಗ್ಯೂಗಳ ಹೆಸರು ಎಲ್ಲರ ನಾಲಗೆಯ ಮೇಲಿದೆ. ಕೂಸಿನ ಮೈ ಕಾದೊಡನೆ ರಕ್ತಪರೀಕ್ಷೆ ಮಾಡಿಸುವ ವಿವೇಕವನ್ನು ನಮ್ಮವರು ಕಲಿತಿದ್ದಾರೆ. ಸಂತೋಷವೇ. ಆದರೆ ರಕ್ತದಲ್ಲಿ ಏನೂ ಕಾಣದೆ, ನೆಗಡಿ ಕೆಮ್ಮುಗಳೂ ಇಲ್ಲದೆ, ಜ್ವರ ಮಾತ್ರ ಬಿಡದಿರುವ ಮಗುವಿನ ಮೂತ್ರವನ್ನೂ ಪರೀಕ್ಷಿಸಬೇಕೆಂಬ ಯೋಚನೆ ಮನೆಯವರಿಗೆ ಹೊಳೆಯುವುದು ಅಪೂರ್ವ. ಈ ಒಂದು ಮರೆವಿಗೆ ಮಗು ತೆರಬೇಕಾಗುವ ಬೆಲೆಯನ್ನು ವಾಚಕರ ಗಮನಕ್ಕೆ ತರುವುದು ನಮ್ಮ ಕರ್ತವ್ಯವೆಂದು ಭಾವಿಸುತ್ತೇವೆ.

ಕಾರಣ ತಿಳಿಯದ ಜ್ವರದಿಂದ ಬಳಲುವ, ಎರಡು ವರ್ಷದೊಳಗಿನ 100 ಮಕ್ಕಳಲ್ಲಿ ಸುಮಾರು 5ರಿಂದ 7 ಮಕ್ಕಳಿಗೆ ಮೂತ್ರಮಾರ್ಗದ ಸೋಂಕು ಇರುತ್ತದೆಂಬುದು ವೈದ್ಯಶಾಸ್ತ್ರಕ್ಕೆ ಬಹುಕಾಲದಿಂದ ತಿಳಿದ ಸಂಗತಿ. ಕರುಳಿನಲ್ಲಿ ವಾಸಿಸುವ ಈ. ಕೋಲಿ ಎಂಬ ಬ್ಯಾಕ್ಟೀರಿಯವೇ ಇದಕ್ಕೆ ಬಹುಮಟ್ಟಿಗೆ ಕಾರಣ. ಅದು ಮೂತ್ರಕೋಶದಲ್ಲಿಯೇ ನಿಂತರೆ ತೊಂದರೆ ಅಲ್ಪ; ನಾಳವನ್ನೇರಿ ಮೂತ್ರಪಿಂಡವನ್ನು ಸೇರಿದರೆ ಮಾತು ಬೇರೆ. ದೊಡ್ಡ ಮಗುವಾದರೆ ಚಳಿಜ್ವರ, ಪಕ್ಕೆನೋವು, ಉರಿಮೂತ್ರ ಎಂದು ಹೇಳಿಕೊಂಡೀತು. ಆರು ತಿಂಗಳ ಕೂಸು ಏನು ಹೇಳೀತು? ಜ್ವರ, ವಾಂತಿ, ಹಾಲು ಒಲ್ಲದಿರುವುದು, ಬಿಡದ ರಂಪ ಅಥವಾ ಅಸಹಜವಾದ ಮಂಪರು, ತೂಕ ಏರದಿರುವುದು, ಇಷ್ಟೇ ಅದರ ಭಾಷೆ. ಹಸುಗೂಸಿನಲ್ಲಿ ಜ್ವರವೂ ಇರದೆ ಮೈ ತಣ್ಣಗಾಗುವುದುಂಟು. ಇವನ್ನೆಲ್ಲ ಹಲ್ಲು ಬರುತ್ತಿದೆ, ದೃಷ್ಟಿ ತಾಗಿದೆ ಎಂದು ತಳ್ಳಿಹಾಕುವುದು ಬಹಳ ಸುಲಭ. ಮೊದಲ ಕೆಲವು ತಿಂಗಳು ಗಂಡುಕೂಸುಗಳಲ್ಲಿಯೂ, ಅನಂತರ ಹೆಣ್ಣುಮಕ್ಕಳಲ್ಲಿಯೂ ಈ ಸೋಂಕು ಹೆಚ್ಚು.

ಹೊರನಾಡಿನಲ್ಲಿರುವ ನಮ್ಮವರ ಕಷ್ಟ ಇನ್ನೂ ಒಂದು ಕೈ ಮಿಗಿಲು. ಡೊಂಬಿವಲಿಯ ಒಂದು ಕೋಣೆಯ ಬಿಡಾರದಲ್ಲಿ ಎಳೆಯ ತಾಯಿಯೊಬ್ಬಳೇ ಮಗುವಿನೊಡನೆ ಇರುತ್ತಾಳೆ. ಗಂಡ ಹೋಟೆಲಿನ ಕೆಲಸ ಮುಗಿಸಿ ಮರಳುವಾಗ ನಡುರಾತ್ರಿ. ಸಲಹೆ ಬರುವುದು ಕುಂದಾಪುರದಿಂದ, ಫೋನಿನಲ್ಲಿ. ಇನ್ನು ವೈದ್ಯರ ಬಳಿ ಹೋದರೆ, ಅರ್ಧ ಬಂದ ಹಿಂದಿಯಲ್ಲಿ ಜ್ವರದ ಮಾತನ್ನೇನೋ ಆಡಿಯಾಳು. ಮೂತ್ರದ ವಾಸನೆ ಬದಲಾಗಿದೆ, ಉಚ್ಚೆ ಹೊಯ್ಯುವಾಗ ಮಗು ಚೀರುತ್ತದೆ ಎಂಬ ಮಾತನ್ನು ಪರಭಾಷೆಯಲ್ಲಿ, ಪರಪುರುಷನೆದುರು ಆಡುವ ಸಂಕೋಚ ಸಣ್ಣದಲ್ಲ. ವೈದ್ಯರು ಕೇಳಲಿಲ್ಲ, ತಾಯಿ ಹೇಳಲಿಲ್ಲ. ರೋಗ ಮಾತ್ರ ತನ್ನ ಪಾಡಿಗೆ ಬೆಳೆಯಿತು.

ಇದಕ್ಕಿಂತಲೂ ಕೆಟ್ಟ ಅಭ್ಯಾಸವೆಂದರೆ ಮೆಡಿಕಲ್ ಅಂಗಡಿಯಿಂದ ನೇರವಾಗಿ ಆಂಟಿಬಯೊಟಿಕ್ ತಂದು ಕುಡಿಸುವುದು. ಸೆಫಿಕ್ಸಿಮ್‌ನಂತಹ ಔಷಧಿಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದು, ಮಾರಿದ್ದನ್ನು ವಹಿಯಲ್ಲಿ ಬರೆದಿಡಬೇಕು ಎಂಬ ಎಚ್-1 ಅನುಸೂಚಿಯ ಕಟ್ಟಳೆ 2014ರ ಮಾರ್ಚಿನಿಂದ ಇದೆ. ಕಟ್ಟಳೆ ಕಾಗದದಲ್ಲಿದೆ, ಬಾಟಲಿ ಗಿರಾಕಿಯ ಕೈಯಲ್ಲಿದೆ! ಒಂದೆರಡು ಗುಟುಕು ಔಷಧ ಹೊಟ್ಟೆಗೆ ಸೇರಿದ ಮೇಲೆ ಮೂತ್ರದ ಕಲ್ಚರ್ ಮಾಡಿಸಿದರೆ ರೋಗಾಣು ಬೆಳೆಯದೆ ಹೋಗಬಹುದು. ಯಾವ ಔಷಧಕ್ಕೆ ಅದು ಬಗ್ಗುತ್ತದೆಂಬುದೂ ತಿಳಿಯದು. ಆದುದರಿಂದ ಮೊದಲು ಮೂತ್ರ, ಬಳಿಕ ಔಷಧ. ಮೂತ್ರವನ್ನು ಹಿಡಿಯುವುದಕ್ಕೂ ಕ್ರಮವುಂಟು. ಮೈಗೆ ಅಂಟಿಸುವ ಪ್ಲಾಸ್ಟಿಕ್ ಚೀಲದಲ್ಲಿ ಚರ್ಮದ ರೋಗಾಣುಗಳೂ ಸೇರಿ ಫಲಿತಾಂಶ ದಾರಿ ತಪ್ಪಿಸುತ್ತದೆ. ತೊಳೆದು ಶುಚಿಮಾಡಿ, ನಡುಧಾರೆಯನ್ನು ಶುದ್ಧ ಬಾಟಲಿಯಲ್ಲಿ ಹಿಡಿದು, ಒಂದು ಗಂಟೆಯೊಳಗೆ ಪ್ರಯೋಗಶಾಲೆಗೆ ಮುಟ್ಟಿಸಬೇಕು. ತೀರ ಎಳೆಯ ಮಗುವಾದರೆ ವೈದ್ಯರೇ ಸಣ್ಣ ನಳಿಗೆಯಿಂದ ತೆಗೆಯಬೇಕಾದೀತು.

ಕಲ್ಚರಿನ ಉತ್ತರ ಬರಲು ಒಂದೆರಡು ದಿನ ಬೇಕು. ಅಷ್ಟರವರೆಗೆ ಚಿಕಿತ್ಸೆ ಕಾಯುವುದಿಲ್ಲ, ಕಾಯಲೂ ಬಾರದು. ಮೂರು ತಿಂಗಳಿಗಿಂತ ಕಿರಿಯ ಕೂಸನ್ನು, ಕುಡಿದುದನ್ನೆಲ್ಲ ವಾಂತಿಮಾಡುವ ಮಗುವನ್ನು ಆಸ್ಪತ್ರೆಗೆ ಸೇರಿಸಿ ರಕ್ತನಾಳದ ಮೂಲಕವೇ ಔಷಧ ಕೊಡಬೇಕಾಗುತ್ತದೆ. ಉಳಿದವರಿಗೆ ಬಾಯಿಯ ಔಷಧ ಸಾಕಾಗುವುದುಂಟು. ಮೂರನೆಯ ದಿನ ಜ್ವರ ಇಳಿಯಿತೆಂದು ಬಾಟಲಿಯನ್ನು ಕಪಾಟಿನಲ್ಲಿಡುವ ತಂದೆತಾಯಿಗಳೇ, ಅದು ಸಾಮಾನ್ಯವಾಗಿ 7ರಿಂದ 14 ದಿನಗಳ ಚಿಕಿತ್ಸೆ! ಮೂರು ದಿನವಾದರೂ ಜ್ವರ ಇಳಿಯದಿದ್ದರೆ ಕೀವು ಕಟ್ಟಿದೆಯೋ, ಮೂತ್ರದ ಹಾದಿಗೆ ಅಡ್ಡಿಯಿದೆಯೋ ಎಂದು ಸೋನೋಗ್ರಫಿ ಮಾಡಿಸಿ ನೋಡಲೇಬೇಕು.

ಎಲ್ಲರನ್ನೂ ಹೆದರಿಸುವುದು ನಮ್ಮ ಉದ್ದೇಶವಲ್ಲ. ಸಕಾಲದಲ್ಲಿ ಚಿಕಿತ್ಸೆ ದೊರೆತ ಮಕ್ಕಳಲ್ಲಿ ಬಹುಪಾಲು ಸಂಪೂರ್ಣ ಗುಣಹೊಂದುತ್ತಾರೆ. ಆದರೆ ಚಿಕಿತ್ಸೆ ಎರಡು ಮೂರು ದಿನ ತಡವಾದರೆ, ಮರಳಿ ಮರಳಿ ಸೋಂಕಾದರೆ, ಮೂತ್ರವು ಕೋಶದಿಂದ ಹಿಮ್ಮುಖವಾಗಿ ಮೇಲೇರುವ ಹುಟ್ಟುದೋಷವಿದ್ದರೆ, ಮೂತ್ರಪಿಂಡದಲ್ಲಿ ಕಲೆ ಉಳಿಯುವ ಅಪಾಯ ಹೆಚ್ಚು. ಆ ಕಲೆ ಮಾಯುವುದಿಲ್ಲ. ಯೌವನದಲ್ಲಿ ರಕ್ತದ ಒತ್ತಡವಾಗಿ, ಬಸಿರಿನಲ್ಲಿ ತೊಡಕಾಗಿ, ಕೆಲವರಲ್ಲಿ ಮೂತ್ರಪಿಂಡದ ವೈಫಲ್ಯವಾಗಿ ಅದು ತಲೆಯೆತ್ತಬಹುದು.

ಶಾಲೆಗೆ ಹೋಗುವ ಹೆಣ್ಣುಮಕ್ಕಳ ವಿಷಯವಾಗಿಯೂ ಒಂದು ಮಾತು. ಶೌಚಾಲಯದ ಹೊಲಸಿಗೆ ಹೇಸಿ ದಿನವಿಡೀ ನೀರು ಕುಡಿಯದೆ, ಮೂತ್ರವನ್ನು ತಡೆದು ಕೂರುವ ಬಾಲಿಕೆಯರು ಎಷ್ಟೋ ಮಂದಿ. ಮಲಬದ್ಧತೆಯೂ ಇದಕ್ಕೆ ಕೂಡಿದರೆ ಸೋಂಕಿಗೆ ಆಹ್ವಾನವಿತ್ತಂತೆಯೇ. ಪಾಲಕರ ಸಭೆಯಲ್ಲಿ ಅಂಕಗಳ ಚರ್ಚೆಯ ನಡುವೆ ಶೌಚಾಲಯದ ಬಾಗಿಲನ್ನೂ ಒಮ್ಮೆ ತೆರೆದು ನೋಡಬೇಡವೇ?

ನಮ್ಮ ಕನ್ನಡ ಸಂಘಗಳು ಆರೋಗ್ಯ ಶಿಬಿರಗಳನ್ನು ನಡೆಸುತ್ತವೆ. ಹಿರಿಯರ ಸಕ್ಕರೆ, ರಕ್ತದ ಒತ್ತಡ ಅಳೆದು ಫೋಟೋ ತೆಗೆಸಿಕೊಳ್ಳುವಲ್ಲಿಗೆ ಅವು ಮುಗಿಯುತ್ತವೆ. ನಮ್ಮಲ್ಲಿ ಕನ್ನಡ ಬಲ್ಲ ಮಕ್ಕಳ ವೈದ್ಯರಿಗೆ ಕೊರತೆಯಿಲ್ಲ. ಎಳೆಯ ತಾಯಂದಿರನ್ನು ಕೂಡಿಸಿ, ಕನ್ನಡದಲ್ಲಿಯೇ, ಈ ವಿಷಯವನ್ನು ಒಂದು ಗಂಟೆ ತಿಳಿಹೇಳಿ, ಹೋಗುವಾಗ ಪ್ರತಿಯೊಬ್ಬಳ ಕೈಗೂ ಒಂದು ಶುದ್ಧ ಬಾಟಲಿಯನ್ನು ಕೊಟ್ಟರೆ ತಗಲುವ ವೆಚ್ಚ ಒಂದು ಹೂಮಾಲೆಗಿಂತ ಬಹಳ ಹೆಚ್ಚೇನೂ ಆಗದು. ಮುಂದಿನ ಶಿಬಿರಗಳ ಕಾರ್ಯಕ್ರಮದಲ್ಲಿ ಈ ಒಂದು ಗಂಟೆಗೆ ಯಾವ ಸಂಘ ಮೊದಲು ಎಡೆಮಾಡಿಕೊಡುವುದೆಂದು ನಾವು ಎದುರುನೋಡುತ್ತಿದ್ದೇವೆ.