ಮೂಕಪ್ರಾಣಿಗಳ ಸೇವಕನಿಗೆ ಸಲ್ಲಬೇಕಾದುದು

ಬೀದಿನಾಯಿಗಳಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿ, ಹುಚ್ಚುನಾಯಿ ರೋಗದ ಲಸಿಕೆಯನ್ನು ಹಾಕತಕ್ಕದ್ದೆಂದು 2023ರ ನಿಯಮಗಳು ವಿಧಿಸಿವೆಯಷ್ಟೆ. ಈ ಕಾರ್ಯದ ಕೀರ್ತಿಯು ನಗರಸಭೆಗೂ ದಾನಿಗಳಿಗೂ ಸಲ್ಲುತ್ತದೆ. ಆದರೆ ಆಶ್ರಯಶಾಲೆಯಲ್ಲಿ ಕಚ್ಚಬರುವ ನಾಯಿಯನ್ನು ವೈದ್ಯರ ಸೂಜಿಗೆ ಹಿಡಿದುಕೊಡುವವನೂ, ಶಸ್ತ್ರಗಳನ್ನು ಹಬೆಯಲ್ಲಿ ಶುದ್ಧಿಮಾಡುವವನೂ, ಲಸಿಕೆಯನ್ನು 2ರಿಂದ 8 ಡಿಗ್ರಿ ಶೀತದಲ್ಲಿ ಕಾಪಾಡುವವನೂ, ಹೊಲಿಗೆ ಬಿಚ್ಚದಂತೆ ನೋಡಿಕೊಳ್ಳುವವನೂ ಪಶುವೈದ್ಯ ಸಹಾಯಕನೇ. ಅವನ ಹೆಸರನ್ನು ಕೇಳುವವರಿಲ್ಲ.

ಈ ರೋಗದ ಲಕ್ಷಣಗಳು ತೋರಿದ ಮೇಲೆ ಮನುಷ್ಯನು ಬದುಕುವುದು ಇಲ್ಲವೆಂಬಷ್ಟು ಅಪರೂಪ. ಹೀಗಿರಲು, ನಾಯಿಗೆ ಲಸಿಕೆ ಹಾಕುವವನಿಗೇ ಮುಂಚಿತವಾಗಿ ಲಸಿಕೆ ಹಾಕಿಸದಿದ್ದರೆ ಅದಾವ ಭೂತದಯೆ? ಅನುದಾನವನ್ನು ಮಂಜೂರು ಮಾಡುವ ಅಧಿಕಾರಿಗಳು ನಾಯಿಗಳ ಸಂಖ್ಯೆಯನ್ನು ಕೇಳುವುದಕ್ಕೆ ಮೊದಲು ಸಹಾಯಕರ ಲಸಿಕೆಯ ಮತ್ತು ಸಂಬಳದ ಲೆಕ್ಕವನ್ನು ಕೇಳಲಿ. ಪ್ರಾಣಿಯ ಮೇಲಣ ಕರುಣೆಯು ಅದನ್ನು ಸಲಹುವ ಮನುಷ್ಯನನ್ನು ಮರೆಯಲಾಗದು.